ಕುಂಭದ್ರೋಣವೆಂಬ ಮಾತಿನ ದುರ್ಗತಿ

ಮಳೆಗಾಲವು ಬಂದಿತೆಂದರೆ ನಮ್ಮ ನಾಡಿನಲ್ಲಿ ಎರಡು ಪ್ರವಾಹಗಳು ಬರುವವು. ಒಂದು ನೀರಿನದು, ಇನ್ನೊಂದು ಮಾತಿನದು. ನೀರಿನ ಪ್ರವಾಹವು ನಾಲ್ಕು ದಿನಗಳಲ್ಲಿ ಇಳಿದುಹೋಗುವದು. ಮಾತಿನ ಪ್ರವಾಹವು ತಂದು ಹಾಕಿದ ಕೆಸರು ಮಾತ್ರ ವರ್ಷವೆಲ್ಲ ನಮ್ಮ ಅಂಗಳದಲ್ಲಿಯೇ ನಿಲ್ಲುವದು. ‘ವರುಣನ ಆರ್ಭಟ’, ‘ಮಳೆರಾಯನ ಅಟ್ಟಹಾಸ’, ‘ಕುಂಭದ್ರೋಣ ಮಳೆಗೆ ನಗರ ತತ್ತರ’, ‘ಮೇಘಸ್ಫೋಟ’ ಎಂಬ ತಲೆಬರಹಗಳನ್ನು ನಮ್ಮ ವಾಚಕರು ಪ್ರತಿವರ್ಷವೂ ಓದುತ್ತಿರುವರು. ಸಂಜೆಗೆ ಅರ್ಧ ಗಳಿಗೆ ಹೊಯ್ದು ನಿಂತ ಮಳೆಯೂ ಕುಂಭದ್ರೋಣವೇ, ಹದಿನೈದು ದಿನ ಬಿಡದೆ ಹೊಯ್ದ ಮಳೆಯೂ ಕುಂಭದ್ರೋಣವೇ, ಊರಿನ ಗಟಾರವು ತುಂಬಿ ರಸ್ತೆಗೆ ನೀರು ಬಂದರೆ ಅದೂ ಕುಂಭದ್ರೋಣವೇ! ಎಲ್ಲವೂ ಕುಂಭದ್ರೋಣವಾದ ಬಳಿಕ ಯಾವದು ಕುಂಭದ್ರೋಣವಲ್ಲ? ನಿಜವಾದ ಕುಂಭದ್ರೋಣವು ಬಂದ ದಿನ ನಾವು ಅದನ್ನು ಏನೆಂದು ಕರೆಯುವೆವು?

ಇದು ಬರಿಯ ಪಂಡಿತರ ಗೊಡವೆ, ಜನರು ನೀರಿನಲ್ಲಿ ಮುಳುಗುತ್ತಿರುವಾಗ ಶಬ್ದಗಳ ಅರ್ಥವನ್ನು ತೂಗುತ್ತ ಕುಳಿತುಕೊಳ್ಳುವದು ಯಾವ ವಿವೇಕ ಎಂದು ಕೆಲವರು ನಗಬಹುದು. ಅಂಥವರಿಗೆ ನಾವು ಮೊದಲಿಗೇ ಉತ್ತರವನ್ನು ಕೊಟ್ಟುಬಿಡುವೆವು. ಮಾತು ಕೆಟ್ಟಲ್ಲಿ ಎಚ್ಚರವು ಕೆಡುವದು. ಎಚ್ಚರವು ಕೆಟ್ಟಲ್ಲಿ ಜೀವವು ಹೋಗುವದು. ಗುಡ್ಡದ ಅಡಿಯಲ್ಲಿ ಮಲಗಿದವನಿಗೂ, ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವನಿಗೂ, ತಗ್ಗಿನ ಬಡಾವಣೆಯಲ್ಲಿ ಮಲಗಿದವನಿಗೂ ಬರುವ ಮಳೆಯು ಒಂದೇ ಅಲ್ಲ. ಭಯವೂ ಒಂದೇ ಅಲ್ಲ. ಮೂವರಿಗೂ ‘ಭಾರೀ ಮಳೆ’ ಎಂಬ ಒಂದೇ ಮಾತನ್ನು ಕೂಗಿ ಹೇಳಿ ನಮ್ಮ ಕರ್ತವ್ಯವು ಮುಗಿಯಿತೆಂದು ಕೈತೊಳೆದುಕೊಳ್ಳುವದು ನ್ಯಾಯವೇ?

ಈಚೆಗೆ ನಾವು ಒಂದು ಶಾಲೆಗೆ ಹೋಗಿದ್ದಾಗ ಅಲ್ಲಿಯ ಶಿಕ್ಷಕರು ಹುಡುಗರನ್ನು ಕುರಿತು ‘ಕುಂಭದ್ರೋಣ ಮಳೆ ಎಂದರೇನು?’ ಎಂದು ಕೇಳಿದರು. ತರಗತಿಯೆಲ್ಲ ಸುಮ್ಮನಿದ್ದಿತು. ಕಡೆಗೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, ‘ದ್ರೋಣಾಚಾರ್ಯರು ಬಾಣ ಬಿಟ್ಟು ತರಿಸಿದ ಮಳೆ, ಸರ್’ ಎಂದನು. ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ಏಕೆಂದರೆ ಆ ಹುಡುಗನು ನಮ್ಮ ಅನೇಕ ವಾರ್ತಾಲೇಖಕರಿಗಿಂತ ಅರ್ಥಕ್ಕೆ ಹತ್ತಿರವಾಗಿದ್ದನು. ಭಾರತದ ಕಥೆಯಲ್ಲಿ ಆಚಾರ್ಯನಿಗೆ ದ್ರೋಣನೆಂಬ ಹೆಸರು ಬಂದದ್ದು ಆತನು ದ್ರೋಣವೆಂಬ ಪಾತ್ರೆಯಲ್ಲಿ ಹುಟ್ಟಿದುದರಿಂದ. ಮಳೆಯ ಹೆಸರಿನೊಳಗೂ ಅದೇ ಪಾತ್ರೆಯು ಅಡಗಿರುವದು.

ಕುಂಭವೆಂದರೆ ಕೊಡವೆಂಬದನ್ನು ಎಲ್ಲರೂ ಬಲ್ಲರು. ದ್ರೋಣವೆಂಬದು ಪಾತ್ರೆಯೂ ಹೌದು, ಅಳತೆಯೂ ಹೌದು. ನಾಲ್ಕು ಆಢಕಗಳು ಕೂಡಿದರೆ ಒಂದು ದ್ರೋಣ. ಕೌಟಿಲ್ಯನ ಅರ್ಥಶಾಸ್ತ್ರದ ಅಳತೆಯ ಪ್ರಕರಣದಲ್ಲಿ ಇಪ್ಪತ್ತು ದ್ರೋಣಗಳಿಗೆ ಒಂದು ಕುಂಭವೆಂದು ಲೆಕ್ಕವಿದೆ. ಅಂದಮೇಲೆ ಕುಂಭವೂ ಬರಿಯ ಕೊಡವಲ್ಲ, ಅದೂ ಒಂದು ಅಳತೆ. ಆ ಗ್ರಂಥದಲ್ಲಿಯೇ ರಾಜನ ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯಗಲದ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿರುವರು. ಒಣ ಸೀಮೆಗೆ ಹದಿನಾರು ದ್ರೋಣ, ನೀರು ಸೀಮೆಗೆ ಅದರ ಒಂದೂವರೆ ಪಾಲು, ಪಡುವಣ ಕಡಲ ತಡಿಯ ಅಪರಾಂತಕ್ಕೆ ಅಳತೆಯೇ ಇಲ್ಲದಷ್ಟು ಮಳೆ ಎಂದು ಪ್ರದೇಶಗಳನ್ನು ವಿಂಗಡಿಸಿರುವರು. ಈ ಗ್ರಂಥದ ಓಲೆಪ್ರತಿಯು ದೊರೆತದ್ದು ನಮ್ಮ ಮೈಸೂರಿನಲ್ಲಿ. ಅದನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಮಳೆಯನ್ನು ಪಾತ್ರೆಯಿಂದ ಅಳೆದ ಹಿರಿಯರ ಗ್ರಂಥವನ್ನು ಜಗತ್ತಿಗೆ ತೋರಿಸಿಕೊಟ್ಟ ನಾಡಿನಲ್ಲಿ ಮಳೆಯ ಅಳತೆಯ ಮಾತೇ ಅಳತೆಗೆಟ್ಟುಹೋದದ್ದು ಎಂಥ ವಿಪರ್ಯಾಸ!

ಆರನೆಯ ಶತಮಾನದ ವರಾಹಮಿಹಿರನು ಕೂಡ ಒಂದು ಹಸ್ತ ಅಗಲದ ಪಾತ್ರೆಯನ್ನಿಟ್ಟು ಆಢಕ ದ್ರೋಣಗಳಲ್ಲಿ ಮಳೆಯನ್ನು ಅಳೆಯುವ ಕ್ರಮವನ್ನು ಬೃಹತ್ಸಂಹಿತೆಯಲ್ಲಿ ಹೇಳಿರುವನು. ಇನ್ನು ಪಂಚಾಂಗದವರು ಆವರ್ತ, ಸಂವರ್ತ, ಪುಷ್ಕರ, ದ್ರೋಣ ಎಂದು ಮೇಘಗಳನ್ನು ನಾಲ್ಕಾಗಿ ವಿಂಗಡಿಸುವರು. ಯುಗಾದಿಯ ಪಂಚಾಂಗಶ್ರವಣದಲ್ಲಿ ‘ಈ ವರ್ಷ ಇಷ್ಟು ಕೊಳಗ ಮಳೆ’ ಎಂದು ಓದುವದನ್ನು ಇಂದಿಗೂ ನಮ್ಮ ಹಿರಿಯರು ಕೇಳುತ್ತಿರುವರು. ಪಂಚಾಂಗದ ಫಲವು ನಿಜವಾಗುವದೋ ಸುಳ್ಳಾಗುವದೋ ಅದು ಬೇರೆ ಮಾತು. ಮಳೆಗೆ ಅಳತೆಯುಂಟು, ಅಳೆದು ಮಾತಾಡಬೇಕು ಎಂಬ ಬುದ್ಧಿಯು ಅದರಲ್ಲಿರುವದನ್ನು ಯಾರೂ ಅಲ್ಲಗಳೆಯಲಾರರು. ಕುಂಭದ್ರೋಣವೆಂಬ ಶಬ್ದದ ಎರಡು ತುಂಡುಗಳೂ ಅಳತೆಯ ತುಂಡುಗಳು. ಕೊಡಗಳನ್ನು ಬೋರಲು ಹಾಕಿದಂತೆ, ಹನಿಯೆಂಬುದು ಕಾಣದಂತೆ, ಕಣ್ಣೆದುರಿನ ಮರವು ಮರೆಯಾಗುವಂತೆ ಸುರಿಯುವ ಮಳೆಗೆ ಮಾತ್ರ ಈ ಹೆಸರು ಸಲ್ಲುವದು. ಇದು ಆಯುಷ್ಯದಲ್ಲಿ ಕೆಲವೇ ಸಲ ಆಡಬೇಕಾದ ಮಾತು. ಇದನ್ನು ದಿನಬಳಕೆಯ ಸವಕಲು ನಾಣ್ಯವನ್ನಾಗಿ ಮಾಡಿದವರು ನಾವು.

ಕನ್ನಡದಲ್ಲಿ ಮಳೆಗೆ ಮಾತಿನ ಬರವಿದೆಯೇ? ಇಲ್ಲ. ಬರವಿರುವದು ನಮ್ಮ ನೆನಪಿಗೆ. ಬಿಡುವಿಲ್ಲದೆ ಹಗಲೂ ಇರುಳೂ ಹಿಡಿದುಕೊಳ್ಳುವ ಮಳೆಗೆ ‘ಜಡಿಮಳೆ’ ಎಂಬ ಹೆಸರುಂಟು. ಮೊಳೆ ಜಡಿಯುವದು, ಬೀಗ ಜಡಿಯುವದು ಎಂಬ ಮಾತುಗಳನ್ನು ಬಲ್ಲ ಕಿವಿಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ನೆರೆಯ ತೆಲುಗರೂ ಇದನ್ನೇ ‘ಜಡಿವಾನ’ ಎನ್ನುವರು. ಗಾಳಿಯೊಡನೆ ಮೇಲೆ ಬಿದ್ದು ಬಡಿದು ಬೇಗನೆ ಹೋಗುವದು ಬಿರುಮಳೆ. ಬಿರುಗಾಳಿ, ಬಿರುಬಿಸಿಲು ಎಂಬಲ್ಲಿಯ ‘ಬಿರು’ವೇ ಇಲ್ಲಿಯದೂ. ಸಣ್ಣ ಹನಿಯಾಗಿ ಬಿಡದೆ ಜಿನುಗುವದು ಸೋನೆ. ಮುಂಗಾರಿಗೆ ಮೊದಲು ಬೇಸಗೆಯಲ್ಲಿ ಗುಡುಗಿನೊಡನೆ ಬೀಳುವದು ಅಡ್ಡಮಳೆ. ಬಿತ್ತಲು ಬೇಕಾದಷ್ಟು ನೆಲವನ್ನು ನೆನೆಸುವದು ಹದಮಳೆ. ಒನಕೆಯ ಗಾತ್ರದ ಧಾರೆಯುಳ್ಳದ್ದು ಮುಸಲಧಾರೆ. ಇದು ಗಡಿಯ ಕಡೆಗೆ ಮರಾಠಿಗರ ಬಾಯಿಯಲ್ಲಿಯೂ ನಮ್ಮವರ ಬಾಯಿಯಲ್ಲಿಯೂ ಸಮವಾಗಿ ಓಡಾಡುವ ಶಬ್ದ. ಇವುಗಳಲ್ಲಿ ಒಂದೊಂದೂ ಒಂದೊಂದು ಸಂಗತಿಯನ್ನು ಹೇಳುವದು. ಜಡಿಯು ಕಾಲವನ್ನು ಹೇಳುವದು, ಬಿರುಮಳೆಯು ವೇಗವನ್ನು ಹೇಳುವದು, ಕುಂಭದ್ರೋಣವು ಪ್ರಮಾಣವನ್ನು ಹೇಳುವದು, ಅಡ್ಡಮಳೆಯು ಋತುವನ್ನು ಹೇಳುವದು, ಹದಮಳೆಯು ನೆಲದ ಸ್ಥಿತಿಯನ್ನು ಹೇಳುವದು.

ಒಕ್ಕಲಿಗನು ಇದಕ್ಕೂ ಮುಂದೆ ಹೋಗಿ ಮಳೆಯನ್ನು ಅದು ಮಾಡಿದ ಕೆಲಸದಿಂದ ಅಳೆಯುವನು. ‘ಹಳ್ಳ ಬರುವ ಮಳೆ’, ‘ಒಡ್ಡು ಒಡೆಯುವ ಮಳೆ’, ‘ಕೆರೆ ಕೋಡಿ ಬೀಳುವ ಮಳೆ’ ಎಂದು ಅವನು ಹೇಳಿದರೆ ಅದರಲ್ಲಿ ಎಷ್ಟು ನೀರು ಬಿದ್ದಿತು, ಎಲ್ಲಿ ಹರಿಯಿತು, ಯಾರಿಗೆ ಕೇಡಾಯಿತು, ಯಾರಿಗೆ ಒಳಿತಾಯಿತು ಎಂಬ ವರದಿಯೆಲ್ಲ ಅಡಕವಾಗಿರುವದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಲೆಕ್ಕದಿಂದ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ, ಮಘೆ ಎಂದು ಮಳೆಗೆ ಹೆಸರಿಟ್ಟು ಆರಿದ್ರೆ ಮಳೆಯು ಆರದೆ ಹೊಯ್ಯುವದೆಂಬ ಗಾದೆಯನ್ನು ಕಟ್ಟಿದ ಜನ ನಮ್ಮವರು. ತುಳುನಾಡಿನವರಿಗೆ ಆಟಿಯೆಂದರೂ ಕೊಡಗಿನವರಿಗೆ ಕಕ್ಕಡವೆಂದರೂ ಮನೆಬಿಟ್ಟು ಹೊರಡಲಾಗದ ಮಳೆಯ ತಿಂಗಳು ಕಣ್ಣಿಗೆ ಕಟ್ಟುವದು. 1894ರಲ್ಲಿ ಮಂಗಳೂರಿನಲ್ಲಿ ತನ್ನ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟೆಲ್ ಮಹಾಶಯನು ಪರದೇಶದವನಾಗಿದ್ದೂ ಜನರ ಬಾಯಿಮಾತನ್ನು ಆದರದಿಂದ ಆಯ್ದು ಕೂಡಿಟ್ಟನು. ಈ ನಾಡಿನಲ್ಲಿಯೇ ಹುಟ್ಟಿದ ನಾವು ಅದನ್ನು ಅನಾದರದಿಂದ ಚೆಲ್ಲುತ್ತಿರುವೆವು.

ಈಗ ಸರಕಾರದ ಮಾತಿಗೆ ಬರೋಣ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು 24 ತಾಸುಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನ ಮಳೆಯನ್ನು ಭಾರೀ ಮಳೆಯೆಂದೂ, 115.6ರಿಂದ 204.4ರವರೆಗಿನದನ್ನು ಅತಿ ಭಾರೀ ಮಳೆಯೆಂದೂ, 204.5 ಮಿ.ಮೀ. ಹಾಗೂ ಅದಕ್ಕೆ ಮೀರಿದ್ದನ್ನು ಅತ್ಯಂತ ಭಾರೀ ಮಳೆಯೆಂದೂ ವಿಂಗಡಿಸಿರುವದು. ಅಳತೆಯಿಲ್ಲದ ಮಾತಿಗಿಂತ ಅಳತೆಯುಳ್ಳ ಮಾತು ನೂರು ಪಾಲು ಮೇಲು. ಇಲಾಖೆಯ ಈ ಕ್ರಮಕ್ಕೆ ನಮ್ಮ ಆಕ್ಷೇಪವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಯ ಮಟ್ಟದವರೆಗೂ ಮಳೆಮಾಪಕಗಳನ್ನು ನೆಟ್ಟು, ‘ವರುಣಮಿತ್ರ’ವೆಂಬ ಸಹಾಯವಾಣಿಯಿಂದ ರೈತನಿಗೆ ಮುನ್ಸೂಚನೆಯನ್ನು ತಿಳಿಸುತ್ತಿರುವದು ಅಭಿನಂದನೀಯವೇ ಸರಿ. ನಮ್ಮ ಆಕ್ಷೇಪವಿರುವದು ಈ ಅಂಕೆಗಳು ಕನ್ನಡಕ್ಕೆ ಬರುವ ಬಗೆಗೆ. ‘ಭಾರೀ’, ‘ಅತಿ ಭಾರೀ’, ‘ಅತ್ಯಂತ ಭಾರೀ’! ಒಂದೇ ಮಾತಿಗೆ ಎರಡು ಬಾಲಗಳನ್ನು ಕಟ್ಟಿದರೆ ಮೂರು ಮಾತುಗಳಾಗುವವೇ? ಬಾನುಲಿಯಲ್ಲಿ ಇವನ್ನು ಕೇಳಿದ ಸಾಮಾನ್ಯನಿಗೆ 70 ಮಿ.ಮೀ.ಗೂ 210 ಮಿ.ಮೀ.ಗೂ ನಡುವೆ ಮೂರು ಪಟ್ಟು ಅಂತರವಿದೆಯೆಂಬದು ಹೊಳೆಯುವದೇ?

ಲೆಕ್ಕವನ್ನು ಇನ್ನಷ್ಟು ಬಿಡಿಸಿ ನೋಡೋಣ. ಶಿಕ್ಷಕ ಬಂಧುಗಳು ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಬಹುದು. ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 65 ಮಿ.ಮೀ. ಮಳೆಯು ಒಂದು ಎಕರೆಯ ಮೇಲೆ ಬಿದ್ದರೆ ಸುಮಾರು 2 ಲಕ್ಷ 60 ಸಾವಿರ ಲೀಟರ್; ಇಪ್ಪತ್ತು ಲೀಟರಿನ ಕೊಡಗಳಿಂದ ಹೇಳುವದಾದರೆ 13 ಸಾವಿರ ಕೊಡ. ಇದಿಷ್ಟೂ ‘ಭಾರೀ’ ಎಂಬ ಮೊದಲ ಮೆಟ್ಟಿಲಿನ ಮಳೆ. ಇದೇ ನೀರು ಇಪ್ಪತ್ತನಾಲ್ಕು ತಾಸು ಹಂಚಿಕೊಂಡು ಆಗುಂಬೆಯ ಕಾಡಿನ ಮೇಲೆ ಬಿದ್ದರೆ, ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆಯನ್ನು ಕಾಣುವ ಆ ಊರು ತಲೆಯೆತ್ತಿಯೂ ನೋಡಲಾರದು. ಇದೇ ನೀರು ಒಂದೇ ತಾಸಿನಲ್ಲಿ ಬೆಂಗಳೂರಿನ ಕಾಂಕ್ರೀಟಿನ ಮೇಲೆ ಬಿದ್ದರೆ ಕೆಳಸೇತುವೆಗಳು ಬಾವಿಗಳಾಗುವವು. ವರ್ಷವೆಲ್ಲ ಕೂಡಿದರೂ 500 ಮಿ.ಮೀ. ಮಳೆಯನ್ನು ಕಾಣದ ಚಳ್ಳಕೆರೆಯ ಸೀಮೆಯಲ್ಲಿ ಇದೇ ನೀರು ಒಂದು ದಿನಕ್ಕೆ ಬಿದ್ದರೆ ಬತ್ತಿದ ಹಳ್ಳಗಳು ಹರಿಯುವವು. ಮೂರು ಕಡೆಗೂ ಪ್ರಕಟನೆಯ ಮಾತು ಒಂದೇ: ಭಾರೀ ಮಳೆ.

ಇದಕ್ಕಿಂತಲೂ ಕಠಿಣವಾದ ಸಂಗತಿಯೊಂದಿದೆ. ದಿನಕ್ಕೆ 60 ಮಿ.ಮೀ.ಯಂತೆ ಹದಿನೈದು ದಿನ ಜಡಿಮಳೆಯು ಹಿಡಿಯಿತೆನ್ನೋಣ. 60 ಎಂಬದು 64.5ಕ್ಕಿಂತ ಕಡಿಮೆ. ಆದಕಾರಣ ಆ ಹದಿನೈದು ದಿನಗಳಲ್ಲಿ ಒಂದು ದಿನವಾದರೂ ‘ಭಾರೀ ಮಳೆ’ಯಾಯಿತೆಂದು ದಾಖಲೆಯಲ್ಲಿ ಬರೆಯುವಂತಿಲ್ಲ. ಆದರೆ ಆ ಗುಡ್ಡವು ಕುಡಿದ ನೀರು 900 ಮಿ.ಮೀ.! ಹದಿನಾರನೆಯ ದಿನ ಬಂದ ಸಾಧಾರಣ ಮಳೆಗೇ ಆ ಗುಡ್ಡವು ಕುಸಿದರೆ ಅಚ್ಚರಿಯೇನು? ಮಣ್ಣು ಕುಸಿಯುವದು ಆ ದಿನದ ಮಳೆಯೊಂದರಿಂದಲೇ ಅಲ್ಲ, ಹಿಂದಿನ ದಿನಗಳಲ್ಲಿ ಅದು ಹೀರಿಕೊಂಡ ನೀರಿನಿಂದಲೂ ಕೂಡ ಎಂಬದನ್ನು ಭೂವಿಜ್ಞಾನಿಗಳು ಬಲ್ಲರು. ಮಲೆನಾಡಿನ ಮುದುಕಿಯೂ ಬಲ್ಲಳು. ‘ಜಡಿ ಹಿಡಿದು ವಾರವಾಯಿತು, ಗುಡ್ಡದ ಕಡೆ ಹೋಗಬೇಡಿರೋ’ ಎಂದು ಆಕೆಯು ಮೊಮ್ಮಕ್ಕಳಿಗೆ ಹೇಳುವಾಗ ಆಕೆಯ ಬಾಯಿಯಿಂದ ಬರುವದು ಶಾಸ್ತ್ರವೇ. ವಿಜ್ಞಾನಿಗೆ ಗೊತ್ತಿದೆ, ಮುದುಕಿಗೆ ಗೊತ್ತಿದೆ. ಇಬ್ಬರ ನಡುವೆ ನಿಂತು ಮಾತನ್ನು ದಾಟಿಸಬೇಕಾದ ಪ್ರಕಟನೆಗೂ ಪತ್ರಿಕೆಗೂ ಮಾತ್ರ ಗೊತ್ತಿಲ್ಲ!

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಕಡೆಗೆ ಗುಡ್ಡಗಳು ಮನೆ ತೋಟಗಳ ಸಮೇತ ಜಾರಿಹೋದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗಂಗಾವಳಿಯ ದಡದ ಹೆದ್ದಾರಿಯ ಮೇಲೆ ಗುಡ್ಡವು ಕುಸಿದು ಜನರು ಪ್ರಾಣ ಕಳೆದುಕೊಂಡರು. ಇವು ಜಡಿಯ ದಿನಗಳ ದುರಂತಗಳು. ಇನ್ನು ಬಯಲುಸೀಮೆಗೆ ಬಂದರೆ, 2009ರ ಸಪ್ಟಂಬರದ ಕೊನೆ, ಅಕ್ಟೋಬರದ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆಯನ್ನು ನಮ್ಮ ವಾಚಕರು ಮರೆತಿರಲಾರರು. ಆಗ ನೂರಾರು ಹಳ್ಳಿಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ನೆನೆನೆನೆದು ಕುಸಿದವು. ಕರಿನೆಲದ ನಾಡಿನಲ್ಲಿ ಅರ್ಧ ತಾಸಿನ ಬಿರುಮಳೆಯು ಮಾಳಿಗೆಯ ಮೇಲಿಂದ ಹರಿದು ದೋಣಿಯಿಂದ ಬಿದ್ದುಹೋಗುವದು. ಮಾಳಿಗೆಯನ್ನು ಕೊಲ್ಲುವದು ಜಡಿ. ಹೀಗಿರಲಾಗಿ ಜಡಿಯೆಂಬ ಮಾತು ಮಲೆನಾಡಿನವನಿಗೆ ಗುಡ್ಡದ ಎಚ್ಚರಿಕೆ, ವಿಜಯಪುರದವನಿಗೆ ಮಾಳಿಗೆಯ ಎಚ್ಚರಿಕೆ. ಒಂದೇ ಶಬ್ದವು ಎರಡು ಸೀಮೆಗಳನ್ನು ಎಚ್ಚರಿಸಬಲ್ಲದು. ಅಂಥ ಶಬ್ದವನ್ನು ನಾವು ಪ್ರಕಟನೆಯಿಂದ ಹೊರಗಟ್ಟಿ ‘ಆರೆಂಜ್ ಅಲರ್ಟ್’ ಎಂಬದನ್ನು ಒಳಗೆ ಕರೆದುಕೊಂಡಿರುವೆವು.

ಈ ಬಣ್ಣಗಳ ವಿಚಾರವಾಗಿಯೂ ಎರಡು ಮಾತು ಹೇಳಬೇಕು. ಹಸಿರಿಗೆ ಏನೂ ಮಾಡಬೇಕಾಗಿಲ್ಲ, ಹಳದಿಗೆ ಗಮನವಿಟ್ಟಿರಬೇಕು, ಕಿತ್ತಳೆಗೆ ಸಿದ್ಧರಾಗಬೇಕು, ಕೆಂಪಿಗೆ ಕಾರ್ಯಕ್ಕೆ ಇಳಿಯಬೇಕು ಎಂದು ಇಲಾಖೆಯ ಸಂಕೇತ. ಇವು ಮುಖ್ಯವಾಗಿ ಅಧಿಕಾರಿಗಳಿಗೆ ಕೊಡುವ ಸನ್ನೆಗಳು. ಎಷ್ಟು ಸಿದ್ಧವಾಗಿರಬೇಕೆಂಬದನ್ನು ಹೇಳುವವೇ ಹೊರತು ಬರುತ್ತಿರುವದು ಎಂಥ ಮಳೆಯೆಂಬದನ್ನು ಹೇಳಲಾರವು. ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಅವು ಇರಲಿ, ಬೇಡವೆಂದವರಾರು? ಆದರೆ ಹೊಲದಲ್ಲಿದ್ದವನಿಗೂ ದೋಣಿಯಲ್ಲಿದ್ದವನಿಗೂ ಬಣ್ಣದ ಹೆಸರೊಂದನ್ನೇ, ಅದೂ ಇಂಗ್ಲಿಷಿನಲ್ಲಿ, ಕೂಗಿ ಹೇಳಿದರೆ ಅದು ಎಚ್ಚರಿಕೆಯಾಗಲಾರದು, ಬರಿಯ ಕೂಗಾಗುವದು.

ಇತ್ತೀಚೆಗೆ ‘ಮೇಘಸ್ಫೋಟ’ವೆಂಬ ಇನ್ನೊಂದು ಹುಚ್ಚು ಹತ್ತಿರುವದು. ಸುಮಾರು 20ರಿಂದ 30 ಚದರ ಕಿಲೋಮೀಟರಿನ ಚಿಕ್ಕ ಪ್ರದೇಶದಲ್ಲಿ ಒಂದು ತಾಸಿಗೆ 100 ಮಿ.ಮೀ.ಗೆ ಮಿಕ್ಕಿ ಬೀಳುವ ಮಳೆಗೆ ಹವಾಮಾನಶಾಸ್ತ್ರದವರು ಕೊಟ್ಟ ಹೆಸರಿನ ಅಕ್ಷರಶಃ ಭಾಷಾಂತರವಿದು. ಮೋಡವು ಸಿಡಿಮದ್ದಲ್ಲ, ಅದು ಸ್ಫೋಟವಾಗುವದಿಲ್ಲ. ಇರಲಿ, ಶಾಸ್ತ್ರದ ಪಾರಿಭಾಷಿಕ ಶಬ್ದವೆಂದು ಒಪ್ಪಿಕೊಳ್ಳೋಣ. ಆದರೆ ಮಳೆಮಾಪಕದ ಅಂಕೆಯನ್ನು ನೋಡದೆಯೇ, ಹಳ್ಳಕ್ಕೆ ಕೆಂಪು ನೀರು ಬಂದ ಕೂಡಲೆ ‘ಮೇಘಸ್ಫೋಟ’ವೆಂದು ಬರೆಯುವದು ಯಾವ ಶಾಸ್ತ್ರ? ಅದಕ್ಕೊಂದು ಕಾರಣವುಂಟು, ಅದನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಿಬಿಡುವೆವು. ಮೇಘವು ಸ್ಫೋಟಿಸಿತೆಂದರೆ ಮನುಷ್ಯನ ತಪ್ಪು ಮುಚ್ಚಿಹೋಗುವದು!

ಇದೇ ನಮ್ಮ ದೂರಿನ ತಿರುಳು. ದೊಡ್ಡ ಮಾತು ದೊಡ್ಡ ನೆಪವಾಗಿರುವದು. 2022ರ ಸಪ್ಟಂಬರದ ಮೊದಲಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನೀರು ನಿಂತು, ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ‘ವರುಣನ ಆರ್ಭಟ’ವೆಂದರು. ಕೆರೆಯಿಂದ ಕೆರೆಗೆ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳನ್ನು ಒತ್ತಿಕೊಂಡವನು ವರುಣನೇ? ಕೆರೆಯಂಗಳದಲ್ಲಿ ನಿವೇಶನಗಳ ಗೂಟ ನೆಟ್ಟವನು ವರುಣನೇ? ಗುಡ್ಡದ ಪಾದವನ್ನು ನೆಟ್ಟಗೆ ಕಡಿದು ಅದಕ್ಕೆ ಆಸರೆಯ ಗೋಡೆಯನ್ನು ಕಟ್ಟದೆ ಹೋಗುವವನು ಮಳೆರಾಯನೇ? ಮಳೆಗೆ ಅಟ್ಟಹಾಸವಿಲ್ಲ, ಆರ್ಭಟವಿಲ್ಲ, ಅವಾಂತರವಿಲ್ಲ. ಅದು ಎತ್ತರದಿಂದ ತಗ್ಗಿಗೆ ಹರಿಯುವ ಒಂದೇ ಧರ್ಮವನ್ನು ಬಲ್ಲದು. ದಾರಿಯನ್ನು ಕಟ್ಟಿದವನನ್ನು ಬಿಟ್ಟು ಹರಿದ ನೀರನ್ನು ಬಯ್ಯುವ ಪತ್ರಿಕೆಯು ಒತ್ತುವರಿದಾರನ ವಕೀಲನಂತೆ ವರ್ತಿಸುತ್ತಿರುವದು. ಸಂಬಳವಿಲ್ಲದ ವಕೀಲನೆಂಬದೊಂದೇ ವ್ಯತ್ಯಾಸ.

‘ಅತಿವೃಷ್ಟಿ’ಯೆಂಬ ಮಾತಿಗೂ ಇದೇ ಗತಿ ಬಂದಿರುವದು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆಯ ವೈರಿರಾಜ ಎಂದು ಹಿರಿಯರು ಬೆಳೆಗೆ ಒದಗುವ ಆರು ಈತಿಬಾಧೆಗಳನ್ನು ಎಣಿಸುತ್ತಿದ್ದರು. ಅತಿವೃಷ್ಟಿಯೆಂಬದು ಮಳೆಯ ಬಗೆಯಲ್ಲ, ಮಳೆಯ ಪರಿಣಾಮ. ಬೆಳೆಗೂ ಬದುಕಿಗೂ ಕೇಡಾದ ಮೇಲೆ ಅದನ್ನು ಅಳೆದು ಹೇಳಬೇಕಾದ ಮಾತದು. ಪರಿಹಾರದ ಹಕ್ಕನ್ನು ಹುಟ್ಟಿಸುವ ಮಾತದು. ಅದನ್ನು ಕಂಡಕಂಡ ಮಳೆಗೆಲ್ಲ ಅಂಟಿಸಿದರೆ ನಿಜವಾಗಿ ಬೆಳೆ ಕಳೆದುಕೊಂಡ ಒಕ್ಕಲಿಗನ ಅರ್ಜಿಯ ತೂಕವೇ ಕಡಿಮೆಯಾಗುವದು.

ಇಲ್ಲಿ ಕೆಲವರು ನಮ್ಮನ್ನು ತಪ್ಪು ತಿಳಿಯದಿರಲಿ. ನಾವು ಮಡಿವಂತಿಕೆಯನ್ನು ಬೋಧಿಸುತ್ತಿಲ್ಲ. ‘ಕುಂಭದ್ರೋಣ’ವು ಸಂಸ್ಕೃತದಿಂದ ಬಂದದ್ದು, ‘ಜೋರು ಮಳೆ’ಯ ಜೋರು ಪಾರಸಿಯಿಂದ ಬಂದದ್ದು, ಅದನ್ನು ಹೊರಗಟ್ಟಬೇಕೆಂದು ಯಾರಾದರೂ ಹೇಳಿದರೆ ನಾವೇ ಮೊದಲು ವಿರೋಧಿಸುವೆವು. ಬಂದ ಶಬ್ದವು ಕೆಲಸ ಮಾಡಿದರೆ ಅದು ಮನೆಯ ಮಗನೇ. ‘ಭಾರೀ’ ಎಂಬದರ ಮೇಲೂ ನಮಗೆ ಹುಟ್ಟಿನ ದ್ವೇಷವಿಲ್ಲ. ಒಂದು ಶಬ್ದವು ಹತ್ತು ಶಬ್ದಗಳ ಅನ್ನವನ್ನು ತಾನೊಬ್ಬನೇ ಉಣ್ಣುತ್ತ, ಅವುಗಳ ಕೆಲಸವನ್ನು ಮಾತ್ರ ಮಾಡದೆ ಇರುವದಕ್ಕೆ ನಮ್ಮ ವಿರೋಧ.

‘ಜನರ ಮಾತು ಊರೂರಿಗೆ ಬೇರೆ, ಅದನ್ನು ಸರಕಾರದ ಪ್ರಕಟನೆಗೆ ಹೇಗೆ ತರುವದು?’ ಎಂದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರವು ಆ ಪ್ರಕಟನೆಯಲ್ಲಿಯೇ ಇದೆ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಅದರಲ್ಲಿ ದಿನವೂ ಕೇಳುವೆವು. ‘ಒಳನಾಡು’ ಎಂಬ ಈ ಚೆಲುವಾದ ಕನ್ನಡ ಮಾತು ಇಂದು ಬೀದರದವನಿಗೂ ಚಾಮರಾಜನಗರದವನಿಗೂ ಒಂದೇ ಅರ್ಥವನ್ನು ಕೊಡುತ್ತಿರುವದು. ಅದು ಹೇಗಾಯಿತು? ಒಂದು ಅರ್ಥವನ್ನು ನಿಶ್ಚಯಿಸಿ ದಿನವೂ ಬಳಸಿದುದರಿಂದ ಆಯಿತು. ಒಳನಾಡಿಗೆ ಆದದ್ದು ಜಡಿಮಳೆಗೆ ಏಕೆ ಆಗಬಾರದು? ಅರ್ಥವು ಆಕಾಶದಿಂದ ಬೀಳುವದಿಲ್ಲ, ಬಳಕೆಯಿಂದ ನೆಲೆಗೊಳ್ಳುವದು.

ಕನ್ನಡಿಗರು ಒಂದು ಕಾಲಕ್ಕೆ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಒಬ್ಬನಿಗೆ ಮರಾಠಿಯ ಕಾಗದ, ಒಬ್ಬನಿಗೆ ಉರ್ದುವಿನ ಕಾಗದ, ಒಬ್ಬನಿಗೆ ಇಂಗ್ಲಿಷಿನ ಕಾಗದ. 1956ರ ನವಂಬರ 1ರಂದು ನಾಡು ಒಂದಾಯಿತು. 1973ರ ಅದೇ ದಿನ ಕರ್ನಾಟಕವೆಂಬ ಹೆಸರೂ ಬಂದಿತು. ನಕಾಶೆಯ ಏಕೀಕರಣವು ಆಯಿತು. ಆದರೆ ಕರಾವಳಿಯ ಆಟಿಯನ್ನು ಕಲಬುರ್ಗಿಯ ವಿದ್ಯಾರ್ಥಿಯು ಅರಿತಿರುವನೇ? ಧಾರವಾಡದ ಅಡ್ಡಮಳೆಯನ್ನು ಮಡಿಕೇರಿಯ ವಿದ್ಯಾರ್ಥಿಯು ಬಲ್ಲನೇ? ಕೊಡಗಿನ ಮೇಲೆ ಬಿದ್ದ ಮಳೆಯೇ ಕಾವೇರಿಯಾಗಿ ಮಂಡ್ಯದ ಗದ್ದೆಗೆ ಹರಿಯುವದು; ಮಲೆನಾಡಿನ ಮಳೆಯೇ ತುಂಗಭದ್ರೆಯಾಗಿ ಬಳ್ಳಾರಿ ರಾಯಚೂರುಗಳ ಹೊಲಕ್ಕೆ ಬರುವದು. ನೀರಿನಿಂದ ಒಂದಾದ ನಾವು ನೀರಿನ ಮಾತಿನಿಂದ ಒಂದಾಗದೆ ಉಳಿದಿರುವದು ನಾಚಿಕೆಗೇಡು.

ಆದುದರಿಂದ ಏನು ಮಾಡಬೇಕು? ಬರಿಯ ಬಯ್ಗಳವನ್ನು ಬರೆದು ಲೇಖನಿಯನ್ನು ಕೆಳಗಿಡುವದು ನಮ್ಮ ಪದ್ಧತಿಯಲ್ಲ. ಮೂರು ಸಂಗತಿಗಳನ್ನು ನಾವು ಮುಂದಿಡುವೆವು.

ಮೊದಲನೆಯದು, ಕನ್ನಡದಲ್ಲಿ ಹೊರಡುವ ಹವಾಮಾನದ ಪ್ರಕಟನೆಯು ಮಿಲಿಮೀಟರುಗಳೊಡನೆ ಮಳೆಯ ಬಗೆಯನ್ನೂ ಹೇಳಲಿ. ಎರಡು ಮೂರು ದಿನಗಳಿಗೆ ಮೀರಿ ಬಿಡದೆ ಹೊಯ್ಯುವದಕ್ಕೆ ಜಡಿಮಳೆಯೆಂದೂ, ಗಾಳಿಯೊಡನೆ ಅಲ್ಪಕಾಲ ರಭಸದಿಂದ ಬೀಳುವದಕ್ಕೆ ಬಿರುಮಳೆಯೆಂದೂ, ದಿನಕ್ಕೆ 204.5 ಮಿ.ಮೀ. ಮೆಟ್ಟಿಲನ್ನು ಮುಟ್ಟಿದ್ದಕ್ಕೆ ಮಾತ್ರ ಕುಂಭದ್ರೋಣವೆಂದೂ ಅರ್ಥವನ್ನು ನಿಶ್ಚಯಿಸಲಿ. ಜಡಿಯು ಹಿಡಿದು ಎಷ್ಟು ದಿನವಾಯಿತು, ಅಷ್ಟು ದಿನಗಳಲ್ಲಿ ಒಟ್ಟು ಎಷ್ಟು ಮಳೆಯಾಯಿತು ಎಂಬದನ್ನು ಗುಡ್ಡದ ಸೀಮೆಯ ಪ್ರತಿಯೊಂದು ಪ್ರಕಟನೆಯಲ್ಲಿಯೂ ಕಾಣಿಸಲಿ.

ಎರಡನೆಯದು, ಪತ್ರಿಕೆಗಳೂ ದೂರದರ್ಶನದ ವಾಹಿನಿಗಳೂ ವರುಣನನ್ನು ಆರೋಪಿಯ ಕಟಕಟೆಯಿಂದ ಇಳಿಸಲಿ. ‘ಮಳೆಗೆ ರಸ್ತೆ ಕೊಚ್ಚಿಹೋಯಿತು’ ಎಂದು ಬರೆಯುವ ಮೊದಲು ಆ ರಸ್ತೆಗೆ ಮೋರಿಯಿದ್ದಿತೇ ಎಂಬದನ್ನು ವಿಚಾರಿಸಲಿ. ಇದು ನಮಗೂ ಹೇಳಿಕೊಂಡ ಬುದ್ಧಿ. ನಮ್ಮ ಅಂಕಣಗಳಲ್ಲಿಯೂ ಅಂಥ ತಲೆಬರಹಗಳು ಬಂದಿರುವದನ್ನು ನಾವು ಮುಚ್ಚಿಡಲಾರೆವು.

ಮೂರನೆಯದು, ಮತ್ತು ಎಲ್ಲಕ್ಕೂ ಮುಖ್ಯವಾದದ್ದು, ಶಿಕ್ಷಕ ಬಂಧುಗಳ ಪಾಲಿನದು. ಶಾಲೆಯ ಅಂಗಳದಲ್ಲಿ ಮರದ ನೆರಳೂ ಸೂರಿನ ನೀರೂ ಬೀಳದ ಕಡೆಗೆ ನೆಟ್ಟಗೆ ನಿಂತ ಗೋಡೆಗಳುಳ್ಳ ಒಂದು ಡಬ್ಬಿಯನ್ನು ಇರಿಸಿರಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಹುಡುಗರಿಂದ ಬರೆಯಿಸಿರಿ. ನೀರನ್ನು ಚೆಲ್ಲಿ ಮತ್ತೆ ಇರಿಸಿರಿ. ಕೌಟಿಲ್ಯನು ಕೋಷ್ಠಾಗಾರದಲ್ಲಿ ಇರಿಸೆಂದ ಕುಂಡವು ಇದೇ. ಪಕ್ಕದ ಕಾಲಮಿನಲ್ಲಿ, ಆ ಮಳೆಯನ್ನು ಹುಡುಗನ ಅಜ್ಜಿಯು ಏನೆಂದು ಕರೆದಳು ಎಂಬದನ್ನೂ ಬರೆಯಿಸಿರಿ. ಒಂದು ಮಳೆಗಾಲವು ಮುಗಿಯುವಷ್ಟರಲ್ಲಿ ಎಷ್ಟು ಮಿಲಿಮೀಟರಿಗೆ ತಮ್ಮ ಊರಿನ ಹಳ್ಳ ಬರುವದು, ಎಷ್ಟು ದಿನದ ಜಡಿಗೆ ಗೋಡೆ ಬಿರಿಯುವದು, ಎಷ್ಟಕ್ಕೆ ಕೆರೆ ಕೋಡಿ ಬೀಳುವದು ಎಂಬದು ಹುಡುಗರಿಗೆ ತಾನಾಗಿಯೇ ತಿಳಿಯುವದು. ಆ ಪುಸ್ತಕವು ಅವರಿಗೆ ನಿಘಂಟೂ ಆಗುವದು, ಪಂಚಾಂಗವೂ ಆಗುವದು, ಊರಿನ ಕಾವಲೂ ಆಗುವದು.

ವಾಚಕ ಮಹಾಶಯರೇ! ಕುಂಭದ್ರೋಣ ಮಳೆಯು ಬರುವದನ್ನು ನಾವು ತಡೆಯಲಾರೆವು. ಅದು ಬರುವ ಮುನ್ನ ಅದರ ಹೆಸರನ್ನು ಸರಿಯಾಗಿ ಕೂಗಿ ಹೇಳಬಲ್ಲೆವು. ಬಂದು ಹೋದ ಮೇಲೆ ಕೇಡಿನಲ್ಲಿ ಮಳೆಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬದನ್ನು ಅಳೆದು ಹೇಳಬಲ್ಲೆವು. ಅಷ್ಟನ್ನಾದರೂ ಮಾಡದಿದ್ದರೆ, ಮುಂದಿನ ಜಡಿಯಲ್ಲಿ ಕುಸಿಯುವ ಗುಡ್ಡದ ಕೆಳಗೆ ನಮ್ಮ ಮಾತೂ ಹುಗಿದುಹೋಗುವದು, ನಮ್ಮ ಜನರೂ ಹುಗಿದುಹೋಗುವರು.